ಕಾಲು ಭಾಗ ನೀರು

ಹದಿನೈದು ಮೀನುಗಳಿಗೂ ಸೇರಿ ಇರುವುದು ಒಂದೇ ಬುದ್ಧಿ, ಅದೂ ಅರೆಬರೆ ಎಂದು ಅವಳು ಮೊದಲ ದಿನವೇ ತೀರ್ಮಾನಿಸಿಬಿಟ್ಟಿದ್ದಳು. ಒಂದು ಎಡಕ್ಕೆ ತಿರುಗಿದರೆ ಹದಿನಾಲ್ಕೂ ಎಡಕ್ಕೆ. ಯಾಕೆ ತಿರುಗಿದೆವೆಂದು ಮೊದಲನೆಯದಕ್ಕೂ ಗೊತ್ತಿಲ್ಲ, ಕೊನೆಯದಕ್ಕಂತೂ ಕೇಳುವ ಉಸಾಬರಿಯೇ ಇಲ್ಲ. ಹೆಬ್ಬೆರಳಿನ ಗೆಣ್ಣಿನಷ್ಟು ಉದ್ದ, ಪಕ್ಕೆಯಲ್ಲಿ ಮಿಂಚುವ ನೀಲಿ ಗೆರೆ, ಬಾಲದ ಕಡೆ ಕೆಂಪು. ಗೇಣು ಬಟ್ಟೆಗೆ ಮೊಳ ಜರಿ ಹೊಲಿಸಿಕೊಂಡ ಹಾಗೆ. ನಿಯಾನ್ ಟೆಟ್ರಾ ಅಂತೆ. ಮೂವತ್ತೈದು ವರ್ಷ ಮೇಷ್ಟರಿಕೆ ಮಾಡಿದ ಅಕ್ಕ ಆ ಹೆಸರನ್ನೂ ಹಾಜರಿ ಕೂಗುವ ದನಿಯಲ್ಲೇ ಹೇಳುತ್ತಿದ್ದಳು. ನಿವೃತ್ತಿಯಾದ ಮೇಲೆ ಎದುರಿಗೆ ಮಕ್ಕಳಿಲ್ಲದೆ ಬಾಯಿ ಕಟ್ಟಿದಂತಾಗಿ ತಾವಿಬ್ಬರೂ ಇರುವ ಮನೆಗೆ ಈ ಗಾಜಿನ ತೊಟ್ಟಿ ತಂದಿಟ್ಟುಕೊಂಡಿದ್ದಾಳೆ, ಎದುರು ಮಾತಾಡದ ತರಗತಿ ಎಂದರೆ ಇದಕ್ಕಿಂತ ಒಳ್ಳೆಯದು ಎಲ್ಲಿ ಸಿಗಬೇಕು ಎಂದು ಅವಳು ಮನಸ್ಸಿನಲ್ಲೇ ಮೂಗು ಮುರಿದಿದ್ದಳು. ಈಗ ಅಕ್ಕ ಮಂಡಿ ಆಪರೇಷನ್ನಿಗೆ ಎರಡು ವಾರ ಆಸ್ಪತ್ರೆ ಸೇರಿದ್ದಳು. ಹೊರಡುವ ಮುನ್ನ ಒಂಬತ್ತು ಸೂಚನೆಗಳನ್ನು ದುಂಡಗೆ ಬರೆದು ತೊಟ್ಟಿಯ ಪಕ್ಕದ ಗೋಡೆಗೆ ಅಂಟಿಸಿ ಹೋಗಿದ್ದಳು. ದಿನಕ್ಕೆ ಎರಡು ಸಲ, ಚಿಟಿಕೆಯಷ್ಟೇ ಊಟ. ವಾರಕ್ಕೊಮ್ಮೆ ಕಾಲು ಭಾಗ ನೀರು ಮಾತ್ರ ಬದಲಿಸು, ಪೂರ್ತಿ ಬೇಡ. ಹೊಸ ನೀರನ್ನು ಹಿಂದಿನ ದಿನವೇ ಬಕೆಟ್ಟಿಗೆ ಹಿಡಿದಿಡು. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯಬೇಡ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದ್ದಿ ಹಿಂಡು. ತಂಗಿ ಓದಿ ನಕ್ಕಳು. ಕೊಳೆಯನ್ನು ಕೊಳೆಯಲ್ಲೇ ತೊಳೆಯುವುದು. ಅಕ್ಕನ ಇಡೀ ಬಾಳುವೆಯೇ ಹಾಗಲ್ಲವೇ, ಎಂಜಲು ಕಾಫಿ ಲೋಟವನ್ನು ನೀರಿಗೆ ತೋರಿಸಿ ಮಗುಚಿಡುವುದು, ನಿನ್ನೆಯ ಬಟ್ಟೆ ಕೊಡವಿ ಇವತ್ತಿಗೂ ಹಾಕಿಕೊಳ್ಳುವುದು, ಯಾರು ಏನಂದರೂ ಹಿಂಡಿ ಹಾಕಿ ಮರೆತುಬಿಡುವುದು.

ಅವಳ ಕೆಲಸವೇ ಬೇರೆ. ಹಲ್ಲಿನ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಕೂತು ಇಪ್ಪತ್ತೆಂಟು ವರ್ಷಗಳಿಂದ ಕಟ್ಟುಹಲ್ಲು ಮಾಡುತ್ತಾಳೆ. ಬೇರೆಯವರ ಬಾಯಿಯ ಪ್ಲಾಸ್ಟರ್ ಅಚ್ಚಿನ ಮೇಲೆ ಮೇಣ ಕೂರಿಸಿ, ಹಲ್ಲು ಜೋಡಿಸಿ, ಉಜ್ಜಿ, ಹೊಳಪು ಕೊಟ್ಟು ಕಳಿಸುತ್ತಾಳೆ. ಆಸ್ಪತ್ರೆಯವರು ಹಿಂದಿನಿಂದ ‘ಹಲ್ಲಕ್ಕ’ ಅನ್ನುತ್ತಾರೆಂದು ಅವಳಿಗೆ ಗೊತ್ತು. ಮುಂದಿನಿಂದ ಅನ್ನುವ ಧೈರ್ಯ ಇಲ್ಲದವರ ಬಗ್ಗೆ ಅವಳಿಗೆ ಹೇಳಿಕೊಳ್ಳುವಂಥ ಸಿಟ್ಟೂ ಇಲ್ಲ. ರಸ್ತೆಯ ಆ ಬದಿಯಲ್ಲಿ ನಗುವವನ ಬಾಯಲ್ಲಿ ಯಾವುದು ಹುಟ್ಟಿದ್ದು ಯಾವುದು ಕೊಂಡದ್ದು ಎಂದು ಈ ಬದಿಯಿಂದಲೇ ಹೇಳಬಲ್ಲಳು. ಜನ ನಗುವುದನ್ನು ಕಂಡು ಅವಳಿಗೆ ಸಂತೋಷವಾದದ್ದು ಯಾವಾಗ ಎಂದು ಮಾತ್ರ ನೆನಪಿಲ್ಲ. ಆ ಗುರುವಾರ ಬೆಳಿಗ್ಗೆ ಮೀನುಗಳಿಗೆ ಚಿಟಿಕೆ ಹಾಕಿ, ಅವು ಹಿಂಡಾಗಿ ಮೇಲೆದ್ದು ಬಾಯಿ ತೆರೆದಾಗ, ಹಲ್ಲೇ ಇಲ್ಲದ ಇಷ್ಟು ಬಾಯಿಗಳನ್ನು ಒಟ್ಟಿಗೆ ನೋಡುವುದು ನನ್ನ ಹಣೆಬರಹ ಎಂದುಕೊಂಡು ಕೆಲಸಕ್ಕೆ ಹೋದಳು.

ಅಲ್ಲಿ ಡಾಕ್ಟರು ಅವಳನ್ನು ಮುಂದಿನ ಕೋಣೆಗೆ ಕರೆಸಿದರು. ಕುರ್ಚಿಯಲ್ಲಿ ಒರಗಿದ್ದವನು ನಿವೃತ್ತ ಪ್ರೊಫೆಸರು. ಅವನ ಮೇಲಿನ ಹಲ್ಲಿನ ಸೆಟ್ಟು ಮೂರನೆಯ ಸಲ ವಾಪಸ್ಸು ಬಂದಿತ್ತು. ‘ಸ’ ಅಂದರೆ ಸೀಟಿ ಹೊಡೆಯುತ್ತದೆ, ಜೋರಾಗಿ ನಕ್ಕರೆ ಜಾರುತ್ತದೆ. ಡಾಕ್ಟರು ಅವಳಿಗಿಂತ ಇಪ್ಪತ್ತು ವರ್ಷ ಚಿಕ್ಕವರು. ಸೆಟ್ಟನ್ನು ಬೆಳಕಿಗೆ ಹಿಡಿದು ಒಳಮೈ ತೋರಿಸಿ, “ಮೇಡಂ, ವಸಡಿಗೆ ಕೂರೋ ಜಾಗಾನೂ ಪಾಲಿಶ್ ಮಾಡಿಬಿಟ್ಟಿದ್ದೀರಲ್ಲ? ಹಿಡಿಯೋಕೆ ಏನು ಉಳೀತು?” ಎಂದರು. ಆಮೇಲೆ ಪ್ರೊಫೆಸರನ ಕಡೆ ತಿರುಗಿ, “ನಮ್ಮ ಮೇಡಮ್ಮಿಗೆ ಕ್ಲೀನು ಜಾಸ್ತಿ ಸಾರ್. ಬಿಟ್ರೆ ನಾಲಿಗೇನೂ ಉಜ್ಜಿ ಕೊಡ್ತಾರೆ.” ಪ್ರೊಫೆಸರು ಬೋಳು ವಸಡು ತೋರಿಸಿ ಹೊಟ್ಟೆ ಕುಣಿಯುವಂತೆ ನಕ್ಕ. ನರ್ಸು ಬಾಗಿಲ ಹಿಂದೆ ನಕ್ಕಳು. ತಪ್ಪು ತನ್ನದೇ. ಒಳಮೈ ಉಜ್ಜಬಾರದು, ಅಲ್ಲಿಯ ಒರಟೇ ವಸಡನ್ನು ಹಿಡಿಯುವುದು. ಕೆಲಸ ಕಲಿತ ಮೊದಲ ತಿಂಗಳಲ್ಲೇ ಇದು ಗೊತ್ತಾಗುವ ಸಂಗತಿ. ಆದರೆ ಅಲ್ಲೊಂದು ಸಾಸಿವೆಯಷ್ಟು ಗಂಟು ಬೆರಳಿಗೆ ತಾಗಿತ್ತು. ತಾಗಿದ್ದನ್ನು ಹಾಗೇ ಬಿಟ್ಟು ಮುಂದೆ ಹೋಗುವುದು ಅವಳ ಕೈಗೆ ಬರುವುದಿಲ್ಲ. ಸೆಟ್ಟನ್ನು ಇಸಕೊಂಡು ಹಿಂದಿನ ಕೋಣೆಗೆ ಬಂದು, ಆ ಡಾಕ್ಟರಿನ ಮುಂದಿನ ಎರಡು ಹಲ್ಲಿನ ನಡುವೆ ಸಂದಿ ಇರುವುದನ್ನು ನೆನೆದು ಕೊಂಚ ಸಮಾಧಾನ ಪಟ್ಟಳು. ಬಾಗಿಲ ಹಿಂದಿನ ಆ ನಗು ಮಾತ್ರ ಕಿವಿಯಲ್ಲೇ ಉಳಿಯಿತು. ಅಂಥ ನಗುವನ್ನು ಅವಳೂ ಒಮ್ಮೆ ಎಬ್ಬಿಸಿದ್ದಳು. ಆಗ ಅವಳಿಗೆ ಹನ್ನೆರಡು. ಅವಳು ಓದುತ್ತಿದ್ದ ಶಾಲೆಗೇ ಅಕ್ಕ ಹೊಸದಾಗಿ ಮೇಡಮ್ಮಾಗಿ ಸೇರಿದ್ದಳು, ಅದೂ ತಂಗಿಯ ತರಗತಿಗೇ. ಬಿಡುವಿನಲ್ಲಿ ಹಲಗೆಯ ಮುಂದೆ ನಿಂತು, ಸೀಮೆಸುಣ್ಣದ ಕೈಯನ್ನು ಸೊಂಟಕ್ಕೆ ಒರೆಸಿಕೊಳ್ಳುತ್ತ, ಮೂಗಿನಲ್ಲಿ “ಗೊತ್ತಾಯ್ತಾ ಮಕ್ಕಳೇ, ಗೊತ್ತಾಗದಿದ್ರೆ ನಾಚ್ಕೋಬೇಡಿ” ಎಂದು ಅಕ್ಕನನ್ನು ಅವಳು ಆಡಿ ತೋರಿಸಿದ್ದಳು. ಇಡೀ ತರಗತಿ ಬೆಂಚು ಬಡಿದು ನಕ್ಕಿತು. ನಗು ತಟ್ಟನೆ ನಿಂತಾಗ ತಿರುಗಿ ನೋಡಿದರೆ ಬಾಗಿಲಲ್ಲಿ ಅಕ್ಕ. ಅಕ್ಕ ಒಳಗೆ ಬಂದು ಪಾಠ ಮಾಡಿದಳು. ಮನೆಗೆ ಬಂದು ತಂಗಿಗೆ ಊಟ ಬಡಿಸಿದಳು. ಅವತ್ತಿನಿಂದ ಇವತ್ತಿನವರೆಗೆ ಆ ಮಾತು ಎತ್ತಿಲ್ಲ. ಆಮೇಲೆ ತರಗತಿಯಲ್ಲಿ ಆ ವಾಕ್ಯವನ್ನೂ ಆಡಲಿಲ್ಲ, ಅಷ್ಟೆ. ಬೈದಿದ್ದರೆ ಒಂದು ಸಂಜೆಗೆ ಮುಗಿಯುತ್ತಿತ್ತು. ಬೈಯದೆ ನಲವತ್ತು ವರ್ಷ ಬಡ್ಡಿ ಬೆಳೆಸಿದಳು. ಇದನ್ನು ಜನ ದೊಡ್ಡತನ ಅನ್ನುತ್ತಾರೆ.

ಸಂಜೆ ಮನೆಗೆ ಬಂದಾಗ ತೊಟ್ಟಿಯ ಹಿಂದಿನ ಗಾಜಿನ ಮೇಲೆ ತೆಳು ಹಸಿರು ಪಾಚಿ ಕಂಡಿತು. ನಿನ್ನೆಯೂ ಇತ್ತು, ಇವತ್ತು ಕಂಡಿತು. ತಳದ ಕಲ್ಲುಗಳ ಸಂದಿಯಲ್ಲಿ ಕಂದು ಹುಡಿ, ಮೀನಿನ ಹೇಲೋ, ಊಟದ ಉಳಿಕೆಯೋ. ಅಕ್ಕ ಇದರ ಮುಂದೆ ಕೂತು ಆನಂದ ಪಡುತ್ತಾಳೆ! ಅವಳು ಚಪ್ಪಲಿಯನ್ನೂ ಬಿಡದೆ ತೋಳು ಮಡಚಿದಳು. ಹದಿನೈದನ್ನೂ ಬಲೆಯಲ್ಲಿ ಹಿಡಿದು ಬಕೆಟ್ಟಿಗೆ ಹಾಕುವಷ್ಟರಲ್ಲಿ ಅರ್ಧ ಗಂಟೆ ಹೋಯಿತು. ಬುದ್ಧಿಯಿಲ್ಲದಿದ್ದರೂ ತಪ್ಪಿಸಿಕೊಳ್ಳುವುದನ್ನು ಮಾತ್ರ ಚೆನ್ನಾಗಿ ಕಲಿತಿದ್ದವು. ನೀರನ್ನು ಪೂರ್ತಿ ಬಸಿದಳು. ಕಲ್ಲುಗಳನ್ನು ಒಂದೊಂದಾಗಿ ಬ್ರಷ್ಷಿನಲ್ಲಿ ಉಜ್ಜಿದಳು. ಫಿಲ್ಟರಿನ ಸ್ಪಂಜನ್ನು ಹೊರಗೆಳೆದಾಗ ಅದರಿಂದ ಇಳಿದ ಕಂದು ಗಸಿಯನ್ನು ನೋಡಿ ವಾಕರಿಕೆ ಬಂತು. ನಲ್ಲಿಯನ್ನು ಪೂರ್ತಿ ತಿರುಗಿಸಿ, ಹಿಂಡಿ, ಮತ್ತೆ ಹಿಂಡಿ, ತಿಳಿ ನೀರು ಬರುವ ತನಕ ಹಿಂಡಿದಳು. ಗೋಡೆಯ ಮೇಲೆ ಸೂಚನೆಗಳಿದ್ದವು. ಕಾಣಲಿಲ್ಲವೆಂದರೆ ಸುಳ್ಳು, ಕಂಡವು, ಕಂಡದ್ದರಿಂದಲೇ ಇನ್ನಷ್ಟು ಜೋರಾಗಿ ಹಿಂಡಿದಳು. ನಲ್ಲಿಗೆ ಪೈಪು ಸಿಕ್ಕಿಸಿ ತೊಟ್ಟಿ ತುಂಬಿಸಿ ಮೀನುಗಳನ್ನು ಬಿಟ್ಟು ದೀಪ ಹಾಕಿದಾಗ ಅವಳಿಗೇ ಬೆರಗಾಯಿತು. ನೀರು ಇದೆ ಅನ್ನುವುದೇ ಗೊತ್ತಾಗುತ್ತಿರಲಿಲ್ಲ. ಹದಿನೈದು ನೀಲಿ ಗೆರೆಗಳು ಗಾಳಿಯಲ್ಲಿ ತೂಗುತ್ತಿರುವ ಹಾಗಿತ್ತು. ತಟ್ಟೆಯನ್ನು ಅಲ್ಲಿಗೇ ತಂದುಕೊಂಡು ಊಟ ಮಾಡಿದಳು. ಅಕ್ಕ ಬಂದು ನೋಡಲಿ, ಜೀವಮಾನದಲ್ಲಿ ಒಮ್ಮೆಯಾದರೂ ಚೊಕ್ಕಟ ಅಂದರೇನು ಅಂತ ಗೊತ್ತಾಗಲಿ.

ಬೆಳಿಗ್ಗೆ ನಾಲ್ಕು ಸತ್ತಿದ್ದವು. ಎರಡು ಮೇಲೆ ತೇಲುತ್ತಿದ್ದವು, ಎರಡು ಫಿಲ್ಟರಿನ ಬಾಯಿಗೆ ಅಂಟಿಕೊಂಡಿದ್ದವು. ಉಳಿದವು ಮೇಲ್ಮೈಗೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು, ನೀಲಿ ಗೆರೆ ಮಾಸಿ ಹಳೆಯ ಬಿಲ್ಲಿನ ಶಾಯಿಯ ಹಾಗಾಗಿತ್ತು. ಅವಳಿಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ಮಾಡಿದ್ದಕ್ಕೆ ಇದಾ? ಶುದ್ಧ ನೀರು ತಡೆಯದ ಪ್ರಾಣಿ ಎಂಥ ಪ್ರಾಣಿ? ಸತ್ತವನ್ನು ಪೇಪರಿನಲ್ಲಿ ಸುತ್ತಿ ಕಸದ ಡಬ್ಬಿಗೆ ಹಾಕಿ ಕೆಲಸಕ್ಕೆ ಹೋದಳು. ಸಂಜೆಗೆ ಇನ್ನೂ ಆರು. ಮಾರನೆಯ ಬೆಳಿಗ್ಗೆ ಮೂರು, ಮಧ್ಯಾಹ್ನ ಒಂದು. ಅಷ್ಟು ಹೊತ್ತಿಗೆ ಸಿಟ್ಟು ಎಲ್ಲಿಗೋ ಹೋಗಿತ್ತು. ಉಳಿದ ಒಂದು, ತೊಟ್ಟಿಯೊಳಗಿನ ಗಿಡದ ಹಿಂದೆ ಮೂಲೆಗೆ ಮುಖ ಮಾಡಿ ನಿಂತಿತ್ತು. ಈಗ ಅದು ಎಡಕ್ಕೂ ತಿರುಗಲಿಲ್ಲ, ಬಲಕ್ಕೂ ತಿರುಗಲಿಲ್ಲ.

ಸಂಜೆ ಆಸ್ಪತ್ರೆಗೆ ಹೋದಾಗ ಅಕ್ಕ ದಿಂಬಿಗೆ ಒರಗಿ ಕೂತಿದ್ದಳು, ಕಾಲು ಪಟ್ಟಿಯಲ್ಲಿ ದಪ್ಪಗೆ. “ಊಟ ಮಾಡ್ತಿವೆಯಾ?” ಅದೇ ಮೊದಲ ಮಾತು.

“ಮಾಡ್ತಿವೆ.”

“ಒಬ್ಬಳು ದಪ್ಪಗಿರೋಳು ಇದ್ದಾಳಲ್ಲ, ಎಲ್ಲರಿಗಿಂತ ಆಮೇಲೆ ಬರ್ತಾಳೆ, ಏನೋ ದೊಡ್ಡಸ್ತಿಕೆ. ಅವಳ ಪಾಲು ಉಳಿಯುತ್ತಾ ನೋಡು.”

“ಉಳಿಯುತ್ತೆ.”

“ಹದಿನೈದೂ ಇವೆಯಾ?”

“ಇರದೆ ಎಲ್ಲಿಗೆ ಹೋಗ್ತವೆ? ರೆಕ್ಕೆ ಬಂದಿದೆಯಾ ಅವಕ್ಕೆ?”

ಅಕ್ಕ ನಕ್ಕಳು. ಪಕ್ಕದ ಹಾಸಿಗೆಯ ಮುದುಕಿ ಕತ್ತು ಚಾಚಿ, “ಇವರೇನಾ ನಿಮ್ಮ ತಂಗಿ? ಕೈ ಬಹಳ ಚೊಕ್ಕ ಅಂತ ದಿನಾ ಹೇಳ್ತಿರ್ತೀರಲ್ಲ” ಎಂದಳು. ತಂಗಿ ಕೈಗಳನ್ನು ಚೀಲದ ಕೆಳಗೆ ಸರಿಸಿಕೊಂಡಳು. ಇಡೀ ವಾರ್ಡಿಗೆ ನನ್ನನ್ನು ಹಂಚಿದ್ದಾಳೆ, ಯಾರು ಕೇಳಿದ್ದರು? ಹೊಗಳಿಸಿಕೊಂಡವರು ಹೊಗಳಿಕೆಗೆ ತಕ್ಕ ಹಾಗೆ ಇರಬೇಕಾಗುತ್ತದೆ. ಇದು ಅಕ್ಕನ ಹಳೆಯ ಉಪಾಯ.

ಮಾರನೆಯ ದಿನ ಭಾನುವಾರ. ಉಳಿದ ಒಂದನ್ನು ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಕೊಂಡು ಅಕ್ಕನಿಗೆ ಸಾಕುಮೀನು ಕೊಡುವ ಅಂಗಡಿಗೆ ಹೋದಳು. ಬಣ್ಣ ಹೋಲಿಸಲು ಹಲ್ಲಿನ ಮಾದರಿ ಕೊಂಡೊಯ್ಯುವ ಹಾಗೆಯೇ ಹೋದಳು. ಇದೇ ಜಾತಿ, ಇದೇ ಉದ್ದ, ಇದೇ ನೀಲಿ, ಹದಿನಾಲ್ಕು. ಒಂದು ತುಸು ದಪ್ಪ. ಬಾಯಿಯೊಳಗೆ ಕೂರಿಸಿದರೆ ಕಟ್ಟಿಕೊಂಡವನಿಗೇ ಗುರುತು ಸಿಗದ ಹಲ್ಲು ಮಾಡುವವಳಿಗೆ ಇದೇನು ಮಹಾ. ಅಂಗಡಿಯವನು ಮೊಣಕೈವರೆಗೆ ಒದ್ದೆಯಾಗಿದ್ದ ತೋಳನ್ನು ತೊಟ್ಟಿಯೊಂದರಿಂದ ಹೊರತೆಗೆದು ಅವಳ ಮುಖ ನೋಡಿದ.

“ಟೀಚರಮ್ಮನ ತಂಗಿ ಅಲ್ವಾ ನೀವು? ಹಲ್ಲು ಮಾಡೋರು?”

“ಯಾರು ಹೇಳಿದ್ರು?”

“ಹೇಳೋದೇನಮ್ಮ, ಮುಖ ಅಚ್ಚು ಹೊಯ್ದ ಹಾಗಿದೆ.”

ಅಕ್ಕನ ಆ ಅಗಲ ಗಲ್ಲ, ಆ ಜೋಲು ಕೆನ್ನೆ. ಐವತ್ತೆರಡು ವರ್ಷ ಕನ್ನಡಿಯ ಮುಂದೆ ನಿಂತು ಇದೊಂದನ್ನು ಮಾತ್ರ ಅವಳು ಒಪ್ಪಿರಲಿಲ್ಲ. “ಹದಿನಾಲ್ಕು ಬೇಕು, ಇದೇ ಥರದ್ದು” ಎಂದಳು ಬಿಗಿಯಾಗಿ. ಅವನು ಡಬ್ಬಿಯ ಮುಚ್ಚಳ ತೆಗೆದು ಬಗ್ಗಿ ನೋಡಿದ. ನೋಡುತ್ತ ಅವನ ಮುಖದ ಸಲಿಗೆ ಇಳಿಯಿತು.

“ನೀರು ಏನು ಮಾಡಿದ್ರಿ?”

“ಕ್ಲೀನ್ ಮಾಡಿದೆ.”

“ಎಷ್ಟು ತೆಗೆದ್ರಿ?”

“ಪೂರ್ತಿ.”

“ನಲ್ಲಿ ನೀರು ಹಾಗೇ ಬಿಟ್ರಾ? ಸ್ಪಂಜು?”

“ಸೋಪು ಹಾಕಲಿಲ್ಲ” ಎಂದಳು. ಅದು ತನ್ನ ಪರವಾಗಿ ಹೇಳಬಹುದಾದ ಒಂದೇ ಮಾತು ಎಂದು ಹೇಳಿದ ಮೇಲೆ ಗೊತ್ತಾಯಿತು.

“ನಲ್ಲಿ ನೀರಲ್ಲಿ ಔಷಧಿ ಇರುತ್ತಮ್ಮ, ನಮಗೆ ಒಳ್ಳೇದು, ಇವಕ್ಕೆ ವಿಷ. ಆ ಸ್ಪಂಜಲ್ಲಿ ಇದ್ದದ್ದು ಕೊಳೆ ಅಲ್ಲ. ಕಣ್ಣಿಗೆ ಕಾಣದ ಜೀವ ಇರ್ತವೆ, ಮೀನಿನ ಹೊಲಸನ್ನ ಅವು ತಿಂದು ತಿಂದು ನೀರನ್ನ ಕಾಪಾಡ್ತಿರ್ತವೆ. ನೀವು ಅವನ್ನೇ ತೊಳೆದುಹಾಕಿದ್ರಿ. ಹೊಟ್ಟೆ ಸೀಳಿ ಕರುಳು ತೊಳೆದು ಚೊಕ್ಕ ಮಾಡಿ ವಾಪಸ್ ಇಟ್ಟ ಹಾಗಾಯ್ತು.”

“ಆಯ್ತು, ಗೊತ್ತಾಯ್ತು. ಹದಿನಾಲ್ಕು ಕೊಡಿ.”

“ಕೊಡಲ್ಲ.”

ಅಂಗಡಿಯಲ್ಲಿ ಸಾಮಾನು ಇಟ್ಟುಕೊಂಡು ಕೊಡುವುದಿಲ್ಲ ಅನ್ನುವವನನ್ನು ಅವಳು ಈವರೆಗೆ ಕಂಡಿರಲಿಲ್ಲ. “ಕೊಟ್ರೆ ನಾಲ್ಕು ದಿನಕ್ಕೆ ಅವೂ ಹೋಗ್ತವೆ” ಎಂದ ಅವನು, ಸಿಟ್ಟಿಲ್ಲದೆ. “ತೊಟ್ಟಿ ಮತ್ತೆ ಹದಕ್ಕೆ ಬರೋಕೆ ಒಂದು ತಿಂಗಳಾದರೂ ಬೇಕು. ಫಿಲ್ಟರ್ ಓಡ್ತಾ ಇರಲಿ. ಮೀನು ಇಲ್ಲದಿದ್ರೂ ದಿನಾ ಚಿಟಿಕೆ ಊಟ ಹಾಕಿ. ಅದು ಕೊಳೀಲಿ, ಜೀವ ಹುಟ್ಟಲಿ. ಈ ಒಂದನ್ನ ಇಲ್ಲಿ ಬಿಟ್ಟು ಹೋಗಿ, ಒಂಟಿ ಇದ್ರೆ ಇದು ಕೊರಗಿನಲ್ಲೇ ಸಾಯುತ್ತೆ.” ಡಬ್ಬಿಯ ನೀರಿಗೆ ತನ್ನ ತೊಟ್ಟಿಯ ನೀರನ್ನು ಲೋಟದಿಂದ ಒಂದಿಷ್ಟಿಷ್ಟೇ ಬೆರೆಸುತ್ತ, ಮಧ್ಯೆ ಮಾತಾಡುತ್ತ, ಅವನು ಮುಕ್ಕಾಲು ಗಂಟೆ ತೆಗೆದುಕೊಂಡ. “ಟೀಚರಮ್ಮ ಹೇಳ್ತಿರ್ತಾರೆ, ನಾನು ಮುಂದೆ ಕೂತ್ರೆ ದೂರ ಹೋಗ್ತವೆ, ನಮ್ಮ ತಂಗಿ ಊಟಕ್ಕೆ ಕೂತ್ರೆ ಸಾಕು, ಎಲ್ಲಾ ಗಾಜಿನ ಹತ್ರ ಬಂದು ಸಾಲಾಗಿ ನಿಲ್ತವೆ ಅಂತ.” ಸುಳ್ಳು, ಎಂದುಕೊಂಡಳು. ಮೀನಿನಂಗಡಿಯವನ ಮುಂದೆಯೂ ನನ್ನ ಪರವಾಗಿ ಸುಳ್ಳು ಹೇಳುತ್ತಾಳೆ. ಸುಳ್ಳೇ ಇರಬೇಕು, ಯಾಕೆಂದರೆ ಗುರುವಾರದ ರಾತ್ರಿಯೊಂದನ್ನು ಬಿಟ್ಟರೆ ಅವಳು ಊಟ ಮಾಡುವಾಗ ಒಮ್ಮೆಯೂ ತಲೆಯೆತ್ತಿ ಆ ಕಡೆ ನೋಡಿದವಳಲ್ಲ. ಅವನು ಡಬ್ಬಿಯನ್ನು ನೀರಿನೊಳಗೆ ಮೆಲ್ಲಗೆ ವಾಲಿಸಿದ. ನಲವತ್ತೋ ಐವತ್ತೋ ಮೀನುಗಳ ಗುಂಪು ಒಂದು ಸುತ್ತು ಹೊರಳಿತು. ಅವಳು ಕಣ್ಣು ಕಿರಿದು ಮಾಡಿ ಹುಡುಕಿದಳು. ಆಗಲೇ ಕಳೆದುಹೋಗಿತ್ತು.

“ಯಾವುದು ನಮ್ಮದು?”

“ಈಗ ಹೇಗಮ್ಮ ಹೇಳೋದು” ಎಂದು ಅವನು ತೋಳು ಒರೆಸಿಕೊಂಡ.

ಎರಡು ಬೀದಿಯಾಚೆ ಇನ್ನೊಂದು ಅಂಗಡಿಯಿತ್ತು. ನೀರು ತುಂಬಿದ ಪ್ಲಾಸ್ಟಿಕ್ ಚೀಲಗಳನ್ನು ಬಾಗಿಲಿಗೆ ತೂಗುಹಾಕಿದ್ದರು, ಚೀಲಕ್ಕೆ ಹತ್ತು ಟೆಟ್ರಾ. ಅಲ್ಲಿಯವನು ಏನನ್ನೂ ಕೇಳುವ ಜಾತಿಯಂತೆ ಕಾಣಲಿಲ್ಲ, ಫೋನಿನಿಂದ ಕಣ್ಣೆತ್ತದೆ ಎರಡು ಚೀಲ ಇಳಿಸಿ ಮೇಜಿನ ಮೇಲಿಟ್ಟ. ಮಂಗಳವಾರ ಅಕ್ಕ ಮನೆಗೆ ಬರುತ್ತಾಳೆ. ಎರಡು ದಿನ ಬದುಕಿದರೆ ಸಾಕು, ಆಮೇಲೆ ಸತ್ತರೆ ಅಕ್ಕನ ಕೈಯಲ್ಲೇ ಸಾಯುತ್ತವೆ, ತನಗೇಕೆ? ಚೀಲ ಕೈಗೆತ್ತಿಕೊಂಡು ಬೆಳಕಿಗೆ ಹಿಡಿದಳು. ನೀಲಿ ಸರಿಯಿತ್ತು. ಉದ್ದ ಸರಿಯಿತ್ತು. ಒಂದು ತುಸು ದಪ್ಪವೂ ಇತ್ತು. ಅಕ್ಕ ಬರುತ್ತಾಳೆ, ಕುರ್ಚಿ ಎಳೆದು ಕೂತು ನೋಡುತ್ತಾಳೆ, ಒಂದೇ ನಿಮಿಷದಲ್ಲಿ ಅವಳಿಗೆ ತಿಳಿಯುತ್ತದೆ. ತಿಳಿದು, ಏನೂ ಅನ್ನುವುದಿಲ್ಲ. ಕಾಫಿ ಕುಡಿಯುತ್ತಾಳೆ, ಪೇಪರು ಓದುತ್ತಾಳೆ, ತಂಗಿಗೆ ಬಡಿಸುತ್ತಾಳೆ. ಇನ್ನು ಇಪ್ಪತ್ತು ವರ್ಷ ಬದುಕಿದರೆ ಇಪ್ಪತ್ತು ವರ್ಷವೂ ಅನ್ನುವುದಿಲ್ಲ. ಬಾಗಿಲಲ್ಲಿ ನಿಂತಿದ್ದ ಆ ಮುಖ ನೆನಪಾಯಿತು. ಚೀಲವನ್ನು ಮೇಜಿನ ಮೇಲಿಟ್ಟು, “ಬೇಡ” ಎಂದಳು. “ಆಟ ಆಡೋಕೆ ಬಂದ್ರಾ?” ಎಂದು ಅವನು ಹಿಂದಿನಿಂದ ಕೂಗುವಷ್ಟರಲ್ಲಿ ಅವಳು ಬೀದಿಗೆ ಇಳಿದಿದ್ದಳು.

ನೇರ ಆಸ್ಪತ್ರೆಗೆ ಹೋದಳು. ನೋಡುವವರ ಹೊತ್ತು ಮುಗಿಯುತ್ತ ಬಂದಿತ್ತು. ಕೂರದೆ, ಚೀಲ ಇಳಿಸದೆ, ಹಾಸಿಗೆಯ ಕಾಲ ಬಳಿ ನಿಂತು, “ಮೀನು ಸತ್ತವು. ನಾನೇ ಕೊಂದೆ. ನೀರೆಲ್ಲ ಚೆಲ್ಲಿ ನಲ್ಲಿ ನೀರು ಹಾಕಿದೆ, ಸ್ಪಂಜು ಉಜ್ಜಿದೆ. ಒಂದು ಉಳಿದಿತ್ತು, ಅಂಗಡಿಯಲ್ಲಿ ಬಿಟ್ಟು ಬಂದೆ. ನಿನ್ನೆ ಹೇಳಿದ್ದೆಲ್ಲ ಸುಳ್ಳು” ಎಂದಳು, ಅಂಚೆಯವನು ಕಾಗದ ಎಸೆದು ಹೋಗುವ ಹಾಗೆ.

ಅಕ್ಕ ಹೊದಿಕೆಯ ಅಂಚನ್ನು ಸರಿ ಮಾಡಿದಳು. ಮತ್ತೆ ಸರಿ ಮಾಡಿದಳು. ಬಂತು ನೋಡು, ಎಂದುಕೊಂಡಳು ಅವಳು. ಈಗ ‘ಹೋಗಲಿ ಬಿಡು, ಊಟ ಆಯ್ತಾ’ ಅನ್ನುತ್ತಾಳೆ.

“ಗೋಡೆ ಮೇಲೆ ಬರೆದಿದ್ದೆನಲ್ಲ” ಎಂದಳು ಅಕ್ಕ, ಸಣ್ಣ ದನಿಯಲ್ಲಿ.

“ಬರೆದಿದ್ದೆ.”

“ಓದಿದ್ಯಾ?”

“ಓದಿದೆ.”

“ಓದಿ ಮಾಡಿದೆಯಾ, ಕತ್ತೆ?” ಅಕ್ಕನ ದನಿ ಇಷ್ಟು ದೊಡ್ಡದೆಂದು ಅವಳಿಗೆ ಗೊತ್ತಿರಲಿಲ್ಲ. ವಾರ್ಡಿನ ಎಂಟೂ ತಲೆಗಳು ತಿರುಗಿದವು. “ಎಂಟು ತಿಂಗಳು ಸಾಕಿದ್ದೆ. ಒಂದೂ ಸತ್ತಿರಲಿಲ್ಲ. ಈ ಮಂಡಿ ಇಟ್ಕೊಂಡು ಬಕೆಟ್ ಹೊತ್ತಿದ್ದೀನಿ. ನಿನಗೆ ಎಲ್ಲರೂ ಕೊಳಕು, ಅಲ್ವಾ? ಮೀನೂ ಕೊಳಕು, ನಾನೂ ಕೊಳಕು. ನಾನು ತೊಳೆದಿಟ್ಟ ಲೋಟಾನ ನೀನು ಮತ್ತೆ ತೊಳೀತೀಯ. ನನಗೆ ಕಾಣಲ್ಲ ಅಂದ್ಕೊಂಡಿದ್ದೀಯಾ? ದಿನಾ ನೋಡ್ತೀನಿ ಕಣೇ, ದಿನಾ! ನಾನು ಕೂತೆದ್ದ ಕುರ್ಚಿ ಒರೆಸಿ ಕೂರ್ತೀಯಲ್ಲ, ನನಗೇನು ರೋಗ ಬಂದಿದೆಯಾ?”

“ಅಕ್ಕ, ಜನ ನೋಡ್ತಿದ್ದಾರೆ.”

“ನೋಡಲಿ! ಕೈ ಚೊಕ್ಕ ಕೈ ಚೊಕ್ಕ ಅಂತ ನಾನೇ ಹೊಗಳಿದ್ದೆ, ನೋಡಲಿ ಆ ಕೈ ಮಾಡಿದ ಕೆಲಸಾನ!”

ನರ್ಸು ಓಡಿ ಬಂದಳು. ಅಕ್ಕ ಅಳುತ್ತಿದ್ದಳು, ಮೂಗು ಸೋರುತ್ತಿತ್ತು, ಒರೆಸಿಕೊಳ್ಳಲಿಲ್ಲ. ಅಲ್ಲೇ ಕರವಸ್ತ್ರ ಇತ್ತು. ತಂಗಿಗೆ ಅದನ್ನು ಕೊಡಲು ಕೈ ಏಳಲಿಲ್ಲ, ಕೊಟ್ಟರೆ ಅದೂ ಒರೆಸಿದಂತೆಯೇ ಆದೀತೆಂದು. “ನಾಳೆ ಬರಬೇಡ. ಮುಖ ತೋರಿಸಬೇಡ” ಎಂದಳು ಅಕ್ಕ. ಪಕ್ಕದ ಹಾಸಿಗೆಯ ಮುದುಕಿ ಇಡೀ ದೃಶ್ಯವನ್ನು ಬಾಯಿ ತೆರೆದು ನುಂಗುತ್ತಿದ್ದಳು, ಕೆಳಗಿನ ಸಾಲಿನಲ್ಲಿ ಎರಡೇ ಹಲ್ಲು. ತಂಗಿ ಮೆಟ್ಟಿಲಿಳಿದಳು. ಒಳಗೆಲ್ಲೋ, ಯಾರಿಗೂ ಹೇಳಲಾಗದಂಥ ಒಂದು ಹಗುರ ಇತ್ತು. ಅಕ್ಕನಿಗೂ ನನ್ನ ಮೇಲೆ ತಿರಸ್ಕಾರವಿದೆ, ಅದೂ ದಿನಾ, ಲೋಟಕ್ಕೊಂದರಂತೆ. ದೊಡ್ಡತನವೂ ಇಲ್ಲ, ಮಣ್ಣೂ ಇಲ್ಲ. ನನ್ನ ಹಾಗೇ ಅವಳೂ.

ನಾಳೆ ಬರಬೇಡ ಅಂದದ್ದಕ್ಕೆ ಹೋಗಲಿಲ್ಲ. ಮಂಗಳವಾರ ಹೋಗಿ ಕರೆದುಕೊಂಡು ಬಂದಳು. ದಾರಿಯಲ್ಲಿ ಇಬ್ಬರೂ ತುಟಿಪಿಟಕ್ಕೆನ್ನಲಿಲ್ಲ, ಆದರೆ ಇದು ಹಳೆಯ ಮೌನವಾಗಿರಲಿಲ್ಲ. ಇದರಲ್ಲಿ ಇಬ್ಬರೂ ಮುಖ ಊದಿಸಿಕೊಂಡಿದ್ದರು. ಅಕ್ಕ ವಾಕರ್ ಊರಿಕೊಂಡು ಒಳಗೆ ಬಂದು, ನೇರ ತೊಟ್ಟಿಯ ಮುಂದೆ ನಿಂತು, ಬರಿ ನೀರನ್ನು ಬಹಳ ಹೊತ್ತು ನೋಡಿದಳು. ಅಂಗಡಿಯವನು ಹೇಳಿದ್ದನ್ನು ತಂಗಿ ಹೇಳಿದಳು.

“ಗೊತ್ತು” ಎಂದಳು ಅಕ್ಕ. “ನೀನೇ ಹಾಕಬೇಕು ದಿನಾ. ನಾನು ಮುಟ್ಟಲ್ಲ.”

ಹೀಗೆ ಅವಳು ಮೀನಿಲ್ಲದ ನೀರಿಗೆ ಹೊತ್ತು ಹೊತ್ತಿಗೆ ಊಟ ಹಾಕತೊಡಗಿದಳು. ಇದಕ್ಕಿಂತ ಹುಚ್ಚು ಕೆಲಸವನ್ನು ಅವಳು ಯಾರ ಮನೆಯಲ್ಲಿ ಕಂಡಿದ್ದರೂ ಒಂದು ವಾರ ಆಡಿಕೊಳ್ಳುತ್ತಿದ್ದಳು. ಚಿಟಿಕೆಯ ಹುಡಿ ನೀರಿನ ಮೇಲೆ ಹರಡಿ, ನೆನೆದು, ತೂಗುತ್ತ ತಳಕ್ಕೆ ಹೋಗಿ ಬೀಳುತ್ತಿತ್ತು. ಎತ್ತಿಕೊಳ್ಳಲು ಯಾರೂ ಬರುತ್ತಿರಲಿಲ್ಲ.

“ಜಾಸ್ತಿ ಆಯ್ತು” ಎನ್ನುತ್ತಿದ್ದಳು ಅಕ್ಕ ಕುರ್ಚಿಯಿಂದ.

“ತಿನ್ನೋರೇ ಇಲ್ಲ, ಜಾಸ್ತಿ ಏನು ಕಮ್ಮಿ ಏನು?”

“ಕೊಲ್ಲೋದು ನಿನಗೆ ಗೊತ್ತು, ಸಾಕೋದು ನನಗೆ ಗೊತ್ತು. ಹೇಳಿದಷ್ಟು ಹಾಕು.”

ಮೂರನೆಯ ವಾರಕ್ಕೆ ನೀರು ಮಬ್ಬಾಯಿತು. ಮಜ್ಜಿಗೆಯ ನೀರಿನ ಹಾಗೆ ಬಿಳಿಚಿಕೊಂಡಿತು, ಆಮೇಲೆ ಗಾಜಿನ ಮೇಲೆ ಜಿಗುಟು ಕೂತಿತು, ಕಲ್ಲಿನ ಸಂದಿಯಲ್ಲಿ ಬೂಸಲು ಬಂದಂತೆ ಕಂಡಿತು. ಅಕ್ಕನ ಮುಖದಲ್ಲಿ ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ಬೆಳಕು. “ಹದಕ್ಕೆ ಬರ್ತಿದೆ” ಎಂದಳು. ತಂಗಿ ತಟ್ಟೆ ಹಿಡಿದು ಪಕ್ಕದಲ್ಲೇ ಕೂತಿದ್ದಳು. ಹಿಂದಿನ ಗಾಜಿನ ಎಡ ಮೂಲೆಯಲ್ಲಿ ಒಂದು ಕಲೆ, ಅಂಗೈಯಷ್ಟು ಅಗಲ. ತುತ್ತು ಎತ್ತಿದಾಗಲೂ ಅದೇ ಕಾಣುತ್ತಿತ್ತು, ಇಳಿಸಿದಾಗಲೂ ಅದೇ.

“ಮುಟ್ಟಿದ್ರೆ ನೋಡು” ಎಂದಳು ಅಕ್ಕ, ಅತ್ತ ತಿರುಗದೆ.

“ಯಾರು ಮುಟ್ಟಿದ್ರು? ಇಲ್ಲೇ ಕೂತಿದ್ದೀನಲ್ಲ.”

“ಮನಸ್ಸಲ್ಲೂ ಉಜ್ಜಬೇಡ.”

ಅವಳು ಆಗಲೇ ಆ ಗಾಜಿನ ಅರ್ಧ ಉಜ್ಜಿ ಮುಗಿಸಿದ್ದಳು. ಅಲ್ಲಿಗೇ ನಿಲ್ಲಿಸಿದಳು.